ಹುಲಿಗೆಮ್ಮನ ಕಲ್ಲುಬಾನಿ

ರೊಟ್ಟಿ ಬಡಿಯುವಾಗಲೂ ಹುಲಿಗೆಮ್ಮನ ಕಿವಿ ಹೊರಗಿನ ನೀರಿನ ಮೇಲೇ ಇರುತ್ತಿತ್ತು. ಹಿತ್ತಲಲ್ಲಿ ಯಾರಾದರೂ ಹೆಚ್ಚಿಗೆ ಸುರಿದರೆ ಒಳಗಿನಿಂದಲೇ ಕೂಗು: "ಲೇ, ಮುಖ ತೊಳ್ಕೊಳ್ಳಾಕತ್ತೀಯೋ, ಎಮ್ಮಿ ಮೈ ತೊಳ್ಯಾಕತ್ತೀಯೋ?"

ಕೂಡ್ಲಿಗಿಯ ಒಂದು ಹುಡುಗರ ಹಾಸ್ಟೆಲಿನಲ್ಲಿ ಆಕೆ ಅಡುಗೆಯವಳು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಗೆ ವಾರ್ಡನ್ ಆಗಿ ಹೋದೆ. ವಿಶ್ವವಿದ್ಯಾಲಯದಲ್ಲಿ ಸುಸ್ಥಿರ ಅಭಿವೃದ್ಧಿಯ ಮೇಲೆ ಪ್ರಬಂಧ ಬರೆದು ಬಂದವನು. ಹಿತ್ತಲಲ್ಲಿ ಒಂದು ಕಲ್ಲುಬಾನಿಯಿತ್ತು. ಹುಡುಗರು ಅದರಿಂದ ಚೊಂಬಿನಲ್ಲಿ ನೀರು ಮೊಗೆದು ತಾಟು ತೊಳೆಯುತ್ತಿದ್ದರು. ತೊಳೆದ ನೀರು ನುಗ್ಗೆಗಿಡಗಳಿಗೆ ಹರಿಯುತ್ತಿತ್ತು. ನನಗದು ಹಳೇ ಕಾಲದ ಕೊಳಕು ಪದ್ಧತಿಯಾಗಿ ಕಂಡಿತು. ಬಾನಿಯನ್ನು ಮೂಲೆಗೆ ತಳ್ಳಿಸಿ ಸಾಲಾಗಿ ಹತ್ತು ನಳ ಹಾಕಿಸಿದೆ.

"ನಳ ತಿರುವಿದ ಕೈಗೆ ನೀರಿನ ತೂಕ ಗೊತ್ತಾಗಂಗಿಲ್ರಿ ಸಾರ್," ಎಂದಳು ಹುಲಿಗೆಮ್ಮ. ನಾನು ನಕ್ಕೆ.

ಹತ್ತನೇ ತರಗತಿ ಪರೀಕ್ಷೆಗೆ ಎರಡು ವಾರವಿದ್ದಾಗ ಬೋರ್‌ವೆಲ್ ಬರೀ ಗಾಳಿ ಉಗುಳತೊಡಗಿತು. ಹಾಸ್ಟೆಲ್ ಮುಚ್ಚಿ ಹುಡುಗರನ್ನು ಊರಿಗೆ ಕಳಿಸುವುದೆಂದು ಕಾಗದ ಬರೆದೆ. ಗುಡೇಕೋಟೆ ಕಡೆಯ ಕೆಲವರು ಒಮ್ಮೆ ಹೋದರೆ ಕುರಿಗಳ ಹಿಂದೆಯೇ ಉಳಿದುಬಿಡುವರೆಂದು ನನಗೆ ಗೊತ್ತಿತ್ತು. ಸಹಿ ಹಾಕುವಷ್ಟರಲ್ಲಿ ಹುಲಿಗೆಮ್ಮ ಒಳಬಂದು, ಹಿಟ್ಟು ಮೆತ್ತಿದ ಕೈಯನ್ನು ಕಾಗದದ ಮೇಲೆ ಊರಿದಳು.

"ನಾಕ್ ದಿನ ತಡೀರಿ ಸಾರ್. ಬೋರಿಗೂ ಉಸಿರು ತಗಳ್ಳಾಕ ಬಿಡ್ರಿ."

ನಳಗಳನ್ನು ಬಂದ್ ಮಾಡಿಸಿದಳು. ಬಾನಿ ಮರಳಿ ಬಂತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಸ್ವಲ್ಪ ಹೊತ್ತು ಮಾತ್ರ ಮೋಟರು; ನಡುವೆ ಬೋರಿನಲ್ಲಿ ಒಸರಿ ನಿಂತಷ್ಟು ನೀರು ಬಾನಿಗೆ ಬರುತ್ತಿತ್ತು. ತಾಟನ್ನು ಮೊದಲು ಬೂದಿಯಿಂದ ತಿಕ್ಕಬೇಕು, ಆಮೇಲೆ ಒಂದೇ ಚೊಂಬು ನೀರು. "ಎಲ್ಡನೇ ಚೊಂಬು ಬೇಕಂದ್ರ ನಿಮ್ಮಪ್ಪನ್ನ ಕರ್ಕಂಬಾ, ಇನ್ನೊಂದು ಬೋರು ಕೊರಸ್ಲಿ!" ಆ ವರ್ಷ ಒಬ್ಬ ಹುಡುಗನೂ ಪರೀಕ್ಷೆಗೆ ಮುಂಚೆ ಊರಿಗೆ ಹೋಗಲಿಲ್ಲ.

ಮುಂದೆ ಹರಪನಹಳ್ಳಿಯ ತರಬೇತಿಯೊಂದರಲ್ಲಿ, ಸಂಸ್ಥೆಗಳು ನೀರು ಉಳಿಸುವುದು ಹೇಗೆಂದು ನಾನು ಭಾಷಣ ಮಾಡಿದೆ. ಹುಲಿಗೆಮ್ಮನ ಹೆಸರು ಹೇಳಿದೆನೆಂದೇ ನೆನಪು. ಆದರೆ ಈಚೆಗೆ ಸಿಕ್ಕ ಭಾಷಣದ ಪ್ರತಿಯಲ್ಲಿ ಇರುವುದೆಲ್ಲ ಬರೀ 'ನಾನು'.

ಕೊನೆಯ ಸಲ ಆಕೆ ಸಿಕ್ಕಿದ್ದು ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ. ಜೊತೆಗಿದ್ದ ತಂಗಿಗೆ ಹೇಳಿದಳು: "ಇವ್ರ ನೋಡಬೇ, ನಮ್ಮ ಹಾಸ್ಟೆಲ್ ಮುಚ್ಚಲಾರದಂಗ ಉಳಿಸಿದ ಸಾರ್." ತಿದ್ದಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಬಸ್ಸು ಬಂತು. ಬಂತೋ, ನಾನೇ ಸುಮ್ಮನಾದೆನೋ?

ಹುಲಿಗೆಮ್ಮ ಈಗಿಲ್ಲ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಹಾಸ್ಟೆಲ್ ಮುಚ್ಚಲು ಬರೆದ ಆ ಕಾಗದ ನನ್ನ ಹತ್ತಿರವಿದೆ. ಕೆಳಗೆ ಸಹಿಯ ಜಾಗ ಖಾಲಿ. ಅದರ ಮೇಲೆ ಜೋಳದ ಹಿಟ್ಟಿನ ನಾಲ್ಕು ಬೆರಳುಗಳ ಮಾಸಿದ ಕಲೆ.