ಮುರಗೆಪ್ಪ ಕೆರೆಯದೆ ಬಿಟ್ಟ ಭಂಡಾರ

ನಮ್ಮ ಕಡೆ ಯಾರಾದರೂ ಹಳೇ ಜೀಪು ಕೊಂಡರೆ ಮಂದಿ ಮೊದಲು ಕೇಳುತ್ತಿದ್ದುದು ಎಷ್ಟಕ್ಕೆ ಬಂತು ಅಂತಲ್ಲ, "ಮುರಗೆಪ್ಪ ನೋಡ್ಯಾನೇನು?" ಅಂತ. ಕರೋಶಿಯ ಮುರಗೆಪ್ಪ. ಸೊಂಟಕ್ಕೆ ಒಂದು ಸ್ಕ್ರೂಡ್ರೈವರ್, ಕಿಸೆಯಲ್ಲಿ ಅಂಗೈಯಷ್ಟು ಸುತ್ತಿಗೆ, ಅಷ್ಟೇ ಅವನ ಆಸ್ತಿ. ಮಾರುವವನ ಜೊತೆ ಮಾತೇ ಇಲ್ಲ. ಹೆಗಲ ಮೇಲಿನ ಟವೆಲ್ಲು ನೆಲಕ್ಕೆ ಹಾಸಿ ಗಾಡಿಯ ಕೆಳಗೆ ತೂರಿಬಿಡುತ್ತಿದ್ದ. ಮಾರುವವನು ಮೇಲೆ ನಿಂತು ಹಾಡಿ ಹೊಗಳುತ್ತಿದ್ದರೆ ಕೆಳಗಿನಿಂದ ಠಣ್ ಠಣ್ ಅಂತ ಸದ್ದು ಮಾತ್ರ ಬರುತ್ತಿತ್ತು.

ಹೊಳೆ ಏರಿ ಇಳಿದ ವರ್ಷ ನೀರಲ್ಲಿ ಮುಳುಗಿದ ಗಾಡಿಗಳನ್ನು ತೊಳೆದು ಮಿಂಚಿಸಿ ಮಾರುವವರು ಹುಟ್ಟಿಕೊಂಡಿದ್ದರು. ಮುರಗೆಪ್ಪ ಕಾಲ ಕೆಳಗಿನ ಹಾಸು ಎತ್ತಿ ಮೂಸಿ, "ಇದು ಹೊಳಿ ನೀರ ಕುಡದೈತಿ, ನಡೀರಿ" ಅನ್ನುತ್ತಿದ್ದ. ನಾಲ್ಕೂ ಗಾಲಿಗೆ ಶಕ್ತಿ ಹೋಗುತ್ತದೋ ಇಲ್ಲವೋ ನೋಡಲಿಕ್ಕೆ ಜೀಪನ್ನು ಹಗ್ಗದಿಂದ ಬೇವಿನ ಮರಕ್ಕೆ ಕಟ್ಟಿಸಿ, ಸಣ್ಣ ಗೇರು ಹಾಕಿಸಿ ಎಳೆಸುತ್ತಿದ್ದ. ಮುಂದಿನ ಗಾಲಿಯೂ ಮಣ್ಣು ಕೆದರಿದರೆ ಸರಿ. ಹಣ ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಒಂದು ಊಟ.

ನಾನು ರಾಜಮತಿ. ಕಾಗವಾಡದ ಹತ್ತಿರ ನಮ್ಮದು ಮೂರು ಎಕರೆ ದ್ರಾಕ್ಷಿ. ಎರೆಮಣ್ಣು, ಒಂದು ಮಳೆ ಬಿದ್ದರೆ ಸಾಕು, ಸಾದಾ ಗಾಡಿ ಎಮ್ಮೆಯ ಹಾಗೆ ಕುಂತುಬಿಡುತ್ತದೆ. ಟ್ರ್ಯಾಕ್ಟರ್ ತಗೋಬಾರದಿತ್ತೇ ಅಂತ ಕೇಳುವ ಜಾಣರಿದ್ದಾರೆ. ಟ್ರ್ಯಾಕ್ಟರ್ ಮೇಲೆ ಒಣದ್ರಾಕ್ಷಿ ಬಾಕ್ಸು ಹೇರಿಕೊಂಡು ಸಾಂಗಲಿಗೆ ನೀವು ಹೋಗುತ್ತೀರೇನು? ನಮಗೆ ಔಷಧಿ ಟ್ಯಾಂಕನ್ನೂ ಎಳೆಯಬೇಕು, ಪೇಟೆಗೂ ಓಡಬೇಕು. ಅದಕ್ಕೆ ಆರು ವರ್ಷದ ಹಿಂದೆ ನಾನು, ನನ್ನ ಯಜಮಾನರು ಬಾಹುಬಲಿ, ಮೈದುನ ವೃಷಭ, ಮೂವರೂ ಮುರಗೆಪ್ಪನನ್ನು ಕರೆದುಕೊಂಡು ಫೋರ್‌ವ್ಹೀಲ್ ಜೀಪು ನೋಡಲು ಹೋದೆವು.

ಎಲ್ಲ ಚಲೋ ಇತ್ತು. ಕೊನೆಗೆ ಮುರಗೆಪ್ಪ ಹಿಂಬದಿಗೆ ಬಂದ. ಟ್ರಾಲಿ ಸಿಕ್ಕಿಸುವ ಕೊಂಡಿ ಇರುವ ಅಡ್ಡಪಟ್ಟಿಯ ಮೇಲೆ ಎಣ್ಣೆಯಲ್ಲಿ ಕಲಸಿದ ಭಂಡಾರ, ಅಂದರೆ ದೇವಿಯ ಅರಿಶಿನ, ದಪ್ಪಗೆ ಮೆತ್ತಿತ್ತು. "ಚಿಂಚಲಿ ಮಾಯಕ್ಕನ ಭಂಡಾರ ಐತ್ರಿ, ಗುಡಿಯಿಂದ ತಂದ ಹಚ್ಚೇನಿ" ಅಂದ ಮಾರುವವನು. ಮುರಗೆಪ್ಪ ಸ್ಕ್ರೂಡ್ರೈವರ್ ಎತ್ತಿದ. ನಾನು ಪಕ್ಕದಲ್ಲೇ ಕೂತು ಬಗ್ಗಿ ನೋಡುತ್ತಿದ್ದೆ. ನಾವು ಜೈನರು, ದಿನಾ ಬಸದಿಗೆ ಹೋಗುವವರು. ಆದರೆ ಈ ಸೀಮೆಯಲ್ಲಿ ಹುಟ್ಟಿ ಮಾಯಕ್ಕನಿಗೆ ಅಂಜದವರು ಯಾರು? ಮೆಲ್ಲಗೆ ಅಂದೆ: "ಬಿಡ್ರಿ ಮುರಗೆಪ್ಪಣ್ಣಾ. ದೇವಿ ಭಂಡಾರಕ್ಕ ಕಬ್ಬಿಣ ಮುಟ್ಟಿಸಬ್ಯಾಡ್ರಿ."

ಯಜಮಾನರು ಎಂಜಿನ್ ಹತ್ತಿರ ಇದ್ದರು, ವೃಷಭ ಟೈರು ಒದೆಯುತ್ತಿದ್ದ. ನನ್ನ ಮಾತು ಕೇಳಿದ್ದು ಮುರಗೆಪ್ಪನಿಗೆ ಮಾತ್ರ. ಅವನು ಸ್ಕ್ರೂಡ್ರೈವರ್ ಸೊಂಟಕ್ಕೆ ಸಿಕ್ಕಿಸಿದ. ಜೀಪು ಮನೆಗೆ ಬಂತು.

ಮೂರನೇ ತಿಂಗಳು. ತುಂಬಿದ ಟ್ಯಾಂಕು ಸಿಕ್ಕಿಸಿಕೊಂಡು ಕಾಲುವೆಯ ಏರಿ ಹತ್ತಿಸುತ್ತಿದ್ದೆವು. ಸ್ಟೇರಿಂಗ್ ಹಿಡಿದವಳು ನಾನು. ಯಜಮಾನರು ಗಾಲಿಗೆ ಅಡ್ಡ ಇಡಲು ಕಲ್ಲು ಹಿಡಿದು ಹಿಂದೆ ನಡೆಯುತ್ತಿದ್ದರು. ಟಕ್ ಅಂತ ಒಂದು ಸದ್ದು. ಜೀಪು ಒಮ್ಮೆಲೇ ಹಗುರಾಯಿತು. ಅಯ್ಯೋ, ಆ ಹಗುರು! ಅದು ಎಂಥದ್ದೆಂದು ಯಾರಿಗೂ ಹೇಳಲಾರೆ. ಆರು ವರ್ಷವಾದರೂ ಬಸ್ಸು ಇಳಿಜಾರಿನಲ್ಲಿ ಗೇರು ಬಿಟ್ಟರೆ ಸಾಕು, ಹಿಂದೆ ತಿರುಗಿ ನೋಡುತ್ತೇನೆ. ಹಿಂದೆ ಯಾರದೋ ಕೂಸು ಬಿಸ್ಕೀಟು ತಿನ್ನುತ್ತಿರುತ್ತದೆ.

ಮುರಿದ ಪಟ್ಟಿಯನ್ನು ನಾನೂ ನೋಡಿದೆ. ಹಳದಿಯ ಅಡಿಯಲ್ಲಿ ಹಳೇ ಸೀಳು. ಅದರ ಮೇಲೆ ಕಾಟಾಚಾರದ ವೆಲ್ಡಿಂಗು. ಉಗುರಿನಿಂದ ಕೆರೆದಿದ್ದರೂ ಕಾಣುತ್ತಿತ್ತು.

ಟ್ಯಾಂಕಿನ ಕೆಳಗೆ ಸಿಕ್ಕು ಯಜಮಾನರು ಹೋದ ಮೂರನೇ ದಿನ ಮುರಗೆಪ್ಪ ಮಾತಾಡಿಸಲು ಬಂದ. ನಮ್ಮ ಅಂಗಳದಲ್ಲಿ, ಬೀಗರು ಬಿಜ್ಜರು ಕೂತಿರುವಾಗ, ವೃಷಭ ಅವನ ಅಂಗಿ ಹಿಡಿದ. "ನೀ ಹೂಂ ಅಂದಿ ಅಂತ ತಗೊಂಡ್ವಿ. ಭಂಡಾರ ಯಾಕ ಕೆರೀಲಿಲ್ಲಲೇ? ಕಣ್ಣ ಏನ್ ಹೊಲಕ್ಕ ಹೋಗಿದ್ವು?" ಮುರಗೆಪ್ಪ ಅಂಗಿ ಬಿಡಿಸಿಕೊಳ್ಳಲಿಲ್ಲ. "ನಂದ ತಪ್ಪರಿ" ಅಂದ. ಅಷ್ಟೇ ಅಂದ. ನಾನು ಒಳಗೆ ಬಾಗಿಲ ಸಂದಿಯಲ್ಲಿ ಕೂತಿದ್ದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ನಾನು ಆಡಬಾರದ ಕಡೆ ಆಡಿದೆ, ಆಡಬೇಕಾದ ಕಡೆ ಬಾಯಿ ಮುಚ್ಚಿದೆ.

ಆಮೇಲೆ ಮುರಗೆಪ್ಪನನ್ನು ಯಾರೂ ಗಾಡಿ ನೋಡಲು ಕರೆಯಲಿಲ್ಲ. ಅವನು ನೋಡಿದರೆ ಕೇಡು ಅಂತಲೂ ಹಬ್ಬಿಸಿದರು. ಪಂಕ್ಚರ್ ಹಾಕಿಕೊಂಡು ಉಳಿದ. ಆದರೆ ಕೇಳಿ, ಅವನಿಗೂ ಏನೋ ಬೆನ್ನು ಹತ್ತಿತ್ತು. ವಾರಕ್ಕೊಮ್ಮೆ ಬಸ್ಸು ಹಿಡಿದು ನಿಪ್ಪಾಣಿಯ ಹಳೇ ಗಾಡಿಗಳ ಅಡ್ಡೆಗೆ ಹೋಗುತ್ತಿದ್ದನಂತೆ. ಯಾರೂ ಕರೆಯದಿದ್ದರೂ ಸಾಲಾಗಿ ನಿಂತ ಗಾಡಿಗಳ ಹಿಂದೆ ಕೂತು, ಎಲ್ಲಿ ಹಳದಿ ಕಂಡರೂ ಕೆರೆಯುತ್ತಿದ್ದ. ಮಾರುವವರು ಬೈದು ಓಡಿಸುತ್ತಿದ್ದರು. ಹುಚ್ಚ ಮುರಗೆಪ್ಪ ಅಂತ ಹೆಸರಾಯಿತು. ಈ ಸುದ್ದಿ ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ಹುಚ್ಚು ಹಿಡಿಯಬೇಕಾದವಳು ನಾನು, ಹಿಡಿದದ್ದು ಅವನಿಗೆ.

ಈ ವರ್ಷ ಮತ್ತೆ ಜೀಪು ಬೇಕಾಯಿತು. ಬಾಡಿಗೆ ಟ್ರ್ಯಾಕ್ಟರಿನವನು ಔಷಧಿ ಹೊಡೆಯಲು ನಮ್ಮ ಸರದಿಗೆ ಬರುವ ಹೊತ್ತಿಗೆ ಗೊನೆಗೆ ರೋಗ ತಗುಲಿ ಅರ್ಧ ಬೆಳೆ ಹೋಗಿತ್ತು. ವೃಷಭ ನಿಪ್ಪಾಣಿಯಲ್ಲಿ ಒಂದು ಗಾಡಿ ನೋಡಿ ಬಂದ. "ಮುರಗೆಪ್ಪಣ್ಣನ್ನ ಕರಕೊಂಡ ಹೋಗೂಣು" ಅಂದೆ.

"ವಹಿನಿ, ತಲಿ ಕೆಟ್ಟೈತೇನು? ಅಣ್ಣನ್ನ ತಿಂದಾವ ಅಂವ!"

"ಅಂವ ಬರ್ಲಿಲ್ಲಂದ್ರ ನಾನೂ ಬರೂದಿಲ್ಲ. ಜೀಪ ನೀನ ಓಡಿಸ್ಕೋ" ಅಂದೆ. ವೃಷಭನಿಗೆ ಡ್ರೈವಿಂಗ್ ಬರುವುದಿಲ್ಲ. ಹಲ್ಲು ಕಡಿದುಕೊಂಡು ಹೊರಟ.

ಕರೋಶಿಯಲ್ಲಿ ಮುರಗೆಪ್ಪ ನನ್ನನ್ನು ಕಂಡು ಕೈಯಲ್ಲಿದ್ದ ಟ್ಯೂಬು ನೀರಿನ ತೊಟ್ಟಿಗೆ ಬಿಟ್ಟ. ಬೇಡ ಅಂದ, ಅತ್ತ, ಕೊನೆಗೆ ಟವೆಲ್ಲು ಹಾಕಿಕೊಂಡು ಬಂದ. ಬಸ್ಸಿನಲ್ಲಿ ವೃಷಭ ಮುಂದಿನ ಸೀಟಿನಲ್ಲಿ ಬೆನ್ನು ಮಾಡಿ ಕೂತ. ದಾರಿಯುದ್ದಕ್ಕೂ ನಾನು ಒಂದೇ ಯೋಚಿಸುತ್ತಿದ್ದೆ: ಇವತ್ತು ಹೇಳದಿದ್ದರೆ ಈ ಮನುಷ್ಯ ನನ್ನ ಪಾಪ ಹೊತ್ತುಕೊಂಡೇ ಸಾಯುತ್ತಾನೆ.

ಅಡ್ಡೆಯಲ್ಲಿ ಜೀಪಿನ ಕೆಳಗೆ ಮುರಗೆಪ್ಪ ಒಂದು ತಾಸು ಇದ್ದ. ಒಂದೇ ಜಾಗವನ್ನು ಹತ್ತು ಸಲ ಬಡಿದ, ಕಿವಿ ಇಟ್ಟು ಕೇಳಿದ. ಹಿಂದಿನ ಪಟ್ಟಿಯ ಬಣ್ಣವನ್ನೆಲ್ಲ ಕೆರೆದು ಬೋಳು ಕಬ್ಬಿಣ ಮಾಡಿದ. ಗಟ್ಟಿಯಾಗಿತ್ತು. ಆದರೂ ಎದ್ದು ಬಂದವನು ಹೂಂ ಅನ್ನದೆ ಮತ್ತೆ ಪಟ್ಟಿಯ ಹತ್ತಿರ ಬಗ್ಗಿದ.

"ಏನಪಾ, ಈ ಸಲನೂ ಯಾರನ್ನರ ಕೊಲ್ಲೂದೈತೇನು?" ಅಂದ ವೃಷಭ.

ನನಗೆ ನೆತ್ತಿಗೇರಿತು. "ಬಾಯಿ ಮುಚ್ಚ ವೃಷಭ! ಅವತ್ತ ಮುರಗೆಪ್ಪಣ್ಣ ಕೆರಿಯಾಕ ಹೋಗಿದ್ದ. ಬ್ಯಾಡ ಅಂದಾಕಿ ನಾನು. ದೇವಿ ಭಂಡಾರಕ್ಕ ಕಬ್ಬಿಣ ಮುಟ್ಟಿಸಬ್ಯಾಡ್ರಿ ಅಂತ ಅಂದಾಕಿ ನಾನು. ನಿಮ್ಮಣ್ಣನ್ನ ತಿಂದಾಕಿ ನಾನು. ತಿಳೀತಿಲ್ಲೋ?" ಅಡ್ಡೆಯ ಮಂದಿಯೆಲ್ಲ ತಿರುಗಿ ನೋಡಿದರು.

ಮುರಗೆಪ್ಪ ಎರಡೂ ಕೈ ಅಡ್ಡ ಆಡಿಸಿದ. "ಯಾಕ ಹೇಳಿದ್ರಿ ಅಕ್ಕಾರ? ಆರು ವರ್ಷ ಯಾಕ ಬಾಯಿ ಬಿಡಲಿಲ್ಲ ನಾ? ಗಾಡಿ ಹೊಡದಾಕಿ ನೀವ ಅಂತ ಮನೀ ಮಂದಿ ಮೊದಲ ನಿಮ್ಮನ್ನ ಕೆಂಗಣ್ಣಲೆ ನೋಡಾಕತ್ತಿದ್ರು. ಅದರ ಮ್ಯಾಲ ಈ ಮಾತೂ ಬಿದ್ದಿದ್ರ ಆ ಮನ್ಯಾಗ ನಿಮಗ ಜಾಗ ಇರತಿತ್ತೇನ್ರಿ? ನಿಮ್ಮ ಮಗಳು ಪ್ರಾಜಕ್ತಾ ಇನ್ನೂ ನಾಕನೇ ಕ್ಲಾಸಿನ್ಯಾಗ ಇದ್ಲು. ನನ್ನ ಹೆಸರ ಹೋದ್ರ ಕೆಲಸ ಹೋಗತೈತಿ, ಅಷ್ಟ."

ನಾನು ಅಲ್ಲೇ ಜೀಪಿನ ಗಾಲಿಗೆ ಆತು ಕೂತೆ. ಆರು ವರ್ಷ ಅವನನ್ನು ಕಂಡರೆ ನಾನು ಪಾಪ ಅನ್ನುತ್ತಿದ್ದೆ. ಅವನು ನನ್ನ ಮನೆ ಕಾಯುತ್ತಿದ್ದ, ನನ್ನ ಮಗಳ ಅನ್ನ ಕಾಯುತ್ತಿದ್ದ. ಅಳು ಬಂತು, ನಾಚಿಕೆ ಬಂತು, ಅದರ ಹಿಂದೆಯೇ ಅಂಜಿಕೆಯೂ ಬಂತು. ಯಾಕೆಂದರೆ ವೃಷಭ ಈಗ ಮುರಗೆಪ್ಪನ ಕಡೆ ನೋಡುತ್ತಿರಲಿಲ್ಲ. ಆರು ವರ್ಷ ಅವನ ಮೇಲಿದ್ದ ಆ ಕಣ್ಣು ನನ್ನ ಮೇಲೆ ಬಂದು ನಿಂತಿತ್ತು.

ಜೀಪು ಕೊಂಡೆವು. ನಾನೇ ಓಡಿಸಿದೆ, ಮುರಗೆಪ್ಪಣ್ಣ ಪಕ್ಕದಲ್ಲಿ ಕೂತ. ವೃಷಭ ಹತ್ತಲಿಲ್ಲ. ನಿಪ್ಪಾಣಿಯಿಂದ ಬಸ್ಸಿಗೆ ಬಂದ.