ಆರು ಜೊತೆ ಕಾಲುಚೀಲ

ಮೊನ್ನೆ ಸೂಟ್‌ಕೇಸಿನ ತಳ ಒರೆಸುವಾಗ ಒಂಟಿ ಕಾಲುಚೀಲವೊಂದು ಕೈಗೆ ಬಂತು. ಕಡುನೀಲಿ ಬಣ್ಣ, ಹೆಬ್ಬೆರಳಿನ ಜಾಗದಲ್ಲಿ ಕಡಲೆಕಾಳು ತೂರುವಷ್ಟು ತೂತು. ಅದರ ಜೊತೆಯದು ಕ್ಯೋಟೋದಲ್ಲಿ ಉಳಿಯಿತೋ, ದೋಹಾದ ಹೊರಗಿನ ಅಲ್ ವುಕೈರ್‌ನ ನನ್ನ ಮನೆಯ ವಾಷಿಂಗ್ ಮಷೀನ್ ತಿಂದಿತೋ ಗೊತ್ತಿಲ್ಲ. ಆರು ಜೊತೆ ಇದ್ದವು. ಈಗ ಅರ್ಧ ಜೊತೆ ಉಳಿದಿದೆ...

ಮತ್ತೆ ಜಪಾನಿಗೆ ಹೊರಡಬೇಕು. ಎಂಟು ಜನ, ಎಲ್ಲರೂ ಮೂವತ್ತರೊಳಗಿನವರು, ದೋಹಾದ ಆಫೀಸುಗಳಲ್ಲಿ ಕೂತು ಕೂತು ಬೆನ್ನು ಕೆಡಿಸಿಕೊಂಡವರು. ಹತ್ತು ದಿನ ಅಲ್ಲಿಯ ದೇಗುಲ, ಅಲ್ಲಿಯ ಚಹಾ, ಅಲ್ಲಿಯ ಊಟ. ಅವರ ಲೀಡರ್ ನಾನು. ಈ ಮಾತು ಕೇಳಿದಾಗಲೆಲ್ಲ ಮೈಸೂರಿನಲ್ಲಿ ನನ್ನ ಅಮ್ಮ ಫೋನಿನಲ್ಲೇ ನಗುತ್ತಾಳೆ. ಮನೆಯಿಂದ ಹಾಲಿಗೆ ಕಳಿಸಿದರೆ ದಾರಿ ತಪ್ಪುತ್ತಿದ್ದವನು ನಾನು. ಮೊದಮೊದಲು ನನಗೂ ನಗು ಬರುತ್ತಿತ್ತು. ಈಗ ಅದೇ ರೈಲು, ಅದೇ ಸೇತುವೆ, ಅದೇ ಜಾಗದಲ್ಲಿ ಅದೇ ಜೋಕು. ಜೋಕು ಹೇಳುವ ಮೊದಲೇ ನನಗೆ ಆಕಳಿಕೆ.

ಈ ಕೆಲಸ ನನ್ನದಾಗಬೇಕಾಗಿರಲಿಲ್ಲ. ಕಾಕನದಾಗಬೇಕಿತ್ತು.

ನಮ್ಮ ಟ್ರಾವೆಲ್ ಆಫೀಸು ಆಗ ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ನ ಹಿಂದಿನ ಒಂದು ಹಳೆಯ ಕಟ್ಟಡದಲ್ಲಿತ್ತು. ಟಿಕೆಟಿಂಗ್ ಮೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಕೂತಿದ್ದವರು ಕಾಕ. ಉಳ್ಳಾಲದ ಕಡೆಯವರು, ಮನೆಯಲ್ಲಿ ಬ್ಯಾರಿ, ನಮ್ಮೊಡನೆ ಮಂಗಳೂರು ಕನ್ನಡ, ಕಂಪ್ಯೂಟರಿನೊಡನೆ ಬೈಗುಳ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕನ್ನಡಕ ಹುಡುಕುವವರು. ನಾನು ಕೆಲಸಕ್ಕೆ ಸೇರಿದ ಮೂರನೆಯ ದಿನವೇ ಅವರ ದನಿ ಕಲಿತೆ. ‘ಎಂತ ಮಾರಾಯ ನಿಂದು’ ಎಂದು ಮೂಗಿನಲ್ಲಿ ಸ್ವಲ್ಪ ಗಾಳಿ ಬಿಟ್ಟು, ಕೊನೆಯಲ್ಲಿ ಸ್ವಲ್ಪ ಎಳೆದರೆ ಮುಗಿಯಿತು. ಅವರೆದುರಿಗೇ ಮಾಡುತ್ತಿದ್ದೆ. ಅವರು ತಲೆ ಎತ್ತದೆ, ‘ನಾನು ಅಷ್ಟು ಚಂದ ಮಾತಾಡುದಿಲ್ಲ’ ಎನ್ನುತ್ತಿದ್ದರು.

ಜಪಾನಿಗೆ ಹೋಗುವ ಗುಂಪುಗಳನ್ನು ಕಟ್ಟಿದ್ದು ಅವರೇ. ಒಮ್ಮೆಯೂ ಅಲ್ಲಿಗೆ ಹೋದವರಲ್ಲ. ಆದರೆ ಯಾವ ಸ್ಟೇಷನ್ನಿನ ಯಾವ ಬಾಗಿಲಿನಿಂದ ಹೊರಬಂದರೆ ಎಡಕ್ಕೆ ನೂಡಲ್ಸ್ ಅಂಗಡಿ, ಬಲಕ್ಕೆ ಔಷಧಿ ಅಂಗಡಿ ಎಂದು ಹೇಳಬಲ್ಲವರಾಗಿದ್ದರು. ಎಲ್ಲಕ್ಕಿಂತ ಅವರಿಗೆ ಚಿಂತೆ ಊಟದ್ದು. ಅಲ್ಲಿ ತರಕಾರಿ ಎಂದು ಕೊಟ್ಟ ಸಾರಿನಲ್ಲೂ ಒಣಮೀನಿನ ತುರಿ ಇರುತ್ತದೆ. ಸಿಹಿ ಸಾಸಿನಲ್ಲಿ ಅಕ್ಕಿಯ ಮದ್ಯ ಇರುತ್ತದೆ. ಒಂದೇ ಗುಂಪಿನಲ್ಲಿ ಬೆಂಗಳೂರಿನ ಸಸ್ಯಾಹಾರಿ ಹುಡುಗಿ, ಹಲಾಲ್ ಅಲ್ಲದ್ದು ಮುಟ್ಟದ ನಮ್ಮ ಕರಾವಳಿಯ ಹುಡುಗರು ಎಲ್ಲರೂ ಇರುತ್ತಿದ್ದರು. ಕಾಕ ಒಬ್ಬೊಬ್ಬರಿಗೂ ಏನೇನು ತಿನ್ನುವುದಿಲ್ಲ ಎಂದು ಜಪಾನೀ ಅಕ್ಷರದಲ್ಲಿ ಚೀಟಿ ಬರೆದುಕೊಡುತ್ತಿದ್ದರು, ಕಂಪ್ಯೂಟರ್ ನೋಡಿ, ಕೈಯಲ್ಲಿ, ರಂಗೋಲಿ ಹಾಕಿದ ಹಾಗೆ.

ಹೊರಡುವ ಮುಂಚಿನ ಶುಕ್ರವಾರ, ನಮಾಜು ಮುಗಿಸಿ ಬಂದು, ಗುಂಪನ್ನು ಆಫೀಸಿನ ಕಾರ್ಪೆಟ್ಟಿನ ಮೇಲೆ ಕೂರಿಸುತ್ತಿದ್ದರು. ಎಲ್ಲರ ಎದುರಿಗೂ ಒಂದು ತಟ್ಟೆ ನೆನೆಸಿದ ಕಡಲೆ, ಜಪಾನೀ ಊಟದ ಎರಡು ಕಡ್ಡಿ. ಹತ್ತು ಕಾಳನ್ನು ಕಡ್ಡಿಯಲ್ಲಿ ಎತ್ತಿ ಪಕ್ಕದ ಬಟ್ಟಲಿಗೆ ಹಾಕಿದವನಿಗೆ ಮಾತ್ರ ಪಾಸ್‌ಪೋರ್ಟ್ ವಾಪಸು. ಆಮೇಲೆ ಎಲ್ಲರ ಕಾಲು ನೋಡುತ್ತಿದ್ದರು.

‘ಅಲ್ಲಿ ಹೋದಲ್ಲೆಲ್ಲ ಬೂಟು ತೆಗೀಲಿಕ್ಕುಂಟು. ಕಾಲುಚೀಲ ತೂತಾದ್ರೆ ಹೋಗುದು ನಿನ್ನ ಮಾನ ಅಲ್ಲ, ನಮ್ಮ ಆಫೀಸಿನದ್ದು. ಗೊತ್ತುಂಟಾ?’

ನನ್ನದು ಯಾವಾಗಲೂ ತೂತು. ನಾನು ಹೋಗುವವನಲ್ಲವಲ್ಲ, ಅದಕ್ಕೆ ಬಚಾವು.

ಆ ವರ್ಷ ಗುಂಪನ್ನು ಕರೆದೊಯ್ಯುತ್ತಿದ್ದ ಫಿಲಿಪೀನ್ಸ್‌ನ ಲೀಡರ್ ಕೆಲಸ ಬಿಟ್ಟು ಹೋದಳು. ಅವಳ ಜಾಗಕ್ಕೆ ಯಾರು ಎಂದು ಬಾಸ್ ಇನ್ನೂ ಹೇಳಿರಲಿಲ್ಲ. ಕಾಕನ ವೀಸಾ ವರ್ಷದ ಕೊನೆಗೆ ಮುಗಿಯುವುದಿತ್ತು. ಆಮೇಲೆ ಊರು, ಖಲಾಸ್. ಅಷ್ಟು ಜನರನ್ನು ಕಳಿಸಿಕೊಟ್ಟ ಜಾಗವನ್ನು ಒಂದು ಸಲ ನೋಡಬೇಕೆಂಬ ಆಸೆ ಅವರಿಗಿತ್ತು. ಬಾಯಿಬಿಟ್ಟು ಕೇಳಿದವರಲ್ಲ. ಆದರೆ ಆ ಗುಂಪಿನ ಪಟ್ಟಿಯಲ್ಲಿ ಎಂಟು ಹೆಸರಿನ ಕೆಳಗೆ ‘ಲೀಡರ್’ ಎಂಬಲ್ಲಿ ಅವರು ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕಿ ಇಟ್ಟಿದ್ದನ್ನು ನಾನು ನೋಡಿದ್ದೆ.

ನೋಡಿಯೂ ಹಾಗೆ ಮಾಡಿದೆ.

ಅದೊಂದು ಗುರುವಾರ ಮಧ್ಯಾಹ್ನ. ವಾರದ ಕೊನೆ, ಎಲ್ಲರಿಗೂ ಸುಸ್ತು, ಯಾರೂ ನಗುತ್ತಿರಲಿಲ್ಲ. ಯಾರೂ ನಗದಿದ್ದರೆ ನನಗೆ ಜ್ವರ ಬಂದಂತಾಗುತ್ತದೆ. ಬಾಸ್ ಬೇಗ ಮನೆಗೆ ಹೋಗಿದ್ದರು. ಹೀಗೆ ಹೋದ ದಿನ ಅವರು ಆಫೀಸಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಉಳಿದ ಹುಕುಂಗಳನ್ನು ಕೊಡುವುದು ರೂಢಿ. ನಾನು ಚಹಾ ಕೋಣೆಯಿಂದ ಕಾಕನ ಮೇಜಿಗೆ ಫೋನ್ ಹಚ್ಚಿದೆ. ಬಾಸ್ ಮಾಡುವ ಹಾಗೆ ಎರಡು ಸಲ ಕೆಮ್ಮಿದೆ.

‘ಕಾಕಾ, ಜಪಾನಿಗೆ ಈ ಸಲ ನೀವೇ ಹೋಗಿ ಬನ್ನಿ. ಖಲಾಸ್.’

ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ, ‘ನಾನಾ ಸಾರ್?’

ಫೋನ್ ಇಟ್ಟುಬಿಟ್ಟೆ. ಹೊರಗೆ ಹೋಗಿ ಮೇಜು ಕುಟ್ಟಿ ನಗುವುದು, ಅವರು ‘ಹೋಗಾ ಮಾರಾಯ’ ಎನ್ನುವುದು, ಅಷ್ಟೇ ಲೆಕ್ಕ. ಚಹಾ ಸೋಸಿಕೊಂಡು ಹೋಗೋಣವೆಂದು ನಿಂತೆ. ಆ ಒಂದು ಚಹಾ... ನಾನು ಲೋಟ ಹಿಡಿದು ಹೊರಬರುವಷ್ಟರಲ್ಲಿ ಕಾಕ ಹೆಂಡತಿಗೆ ವೀಡಿಯೋ ಕಾಲ್ ಮಾಡಿಯಾಗಿತ್ತು. ಬ್ಯಾರಿ ಭಾಷೆ ನನಗೆ ಅರ್ಧ ತಿಳಿಯುತ್ತದೆ. ಜಪಾನ್ ಎಂಬುದು ಪೂರ್ತಿ ತಿಳಿಯಿತು. ಕಾಕ ಎದ್ದು ನಿಂತು ಮಾತಾಡುತ್ತಿದ್ದರು. ಅವರು ಫೋನಿನಲ್ಲಿ ನಿಂತು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಹೇಳಲಿಲ್ಲ. ಶುಕ್ರವಾರ ಹೇಳಲಿಲ್ಲ. ಶನಿವಾರ ಅವರೇ ಫೋನ್ ಮಾಡಿ ಸೂಕ್‌ಗೆ ಕರೆದರು. ಆರು ಜೊತೆ ಕಡುನೀಲಿ ಕಾಲುಚೀಲ ತೆಗೆದುಕೊಂಡರು. ಅಂಗಡಿಯಲ್ಲೇ ನಿಂತು ಒಂದು ಜೊತೆಯನ್ನು ಫೋನಿನ ಕ್ಯಾಮರಾಕ್ಕೆ ಹಿಡಿದು ಹೆಂಡತಿಗೆ ತೋರಿಸಿದರು. ಆ ಕಡೆಯಿಂದ ಹೆಂಡತಿ, ಹೆಂಡತಿಯ ಪಕ್ಕದಿಂದ ಇನ್ನೂ ಯಾರೋ ಇಬ್ಬರು ಹೆಂಗಸರು ಇಣುಕಿ ನೋಡಿದರು. ನಾನು ಪಕ್ಕದಲ್ಲಿ ನಿಂತು ಖರ್ಜೂರದ ರಾಶಿ ನೋಡುತ್ತಿದ್ದೆ.

ಭಾನುವಾರ ಬೆಳಿಗ್ಗೆ, ಶುಕ್ರ-ಶನಿಯ ರಜೆ ಮುಗಿದು ಆಫೀಸು ತೆರೆದೊಡನೆ, ಬಾಸ್‌ನ ಕೋಣೆಗೆ ಹೋದೆ. ಸುಳ್ಳನ್ನು ನಿಜ ಮಾಡಿಬಿಟ್ಟರೆ ಸುಳ್ಳೇ ಅಲ್ಲವಲ್ಲ ಎಂಬುದು ನನ್ನ ಉಪಾಯ.

‘ಸರ್, ಈ ಸಲ ಜಪಾನಿಗೆ ಕಾಕನ್ನ ಕಳ್ಸಿದ್ರೆ ಹೇಗೆ? ಅವ್ರಿಗೆ ಎಲ್ಲಾ ಗೊತ್ತು.’

ಬಾಸ್ ಎರಡು ಸಲ ಕೆಮ್ಮಿದರು. ನಿಜ ಹೇಳಬೇಕೆಂದರೆ ನನ್ನ ಕೆಮ್ಮೇ ಚೆನ್ನಾಗಿತ್ತು.

‘ಗೊತ್ತಿರುದು ಬೇರೆ. ಇಪ್ಪತ್ತೈದರ ಮಕ್ಕಳ ಜೊತೆ ಕಾಕನನ್ನು ಕಳಿಸಿದ್ರೆ ಅಜ್ಜನ ಜೊತೆ ಶಾಲೆ ಟೂರ್ ಹೋದ ಹಾಗೆ ಆಗ್ತದೆ. ದಿನಕ್ಕೆ ಇಪ್ಪತ್ತು ಸಾವಿರ ಹೆಜ್ಜೆ ನಡೀಲಿಕ್ಕುಂಟು. ನೀನು ಹೋಗು. ನಿನ್ನ ತಮಾಷೆ ಎಲ್ಲ ಮಕ್ಕಳಿಗೆ ಇಷ್ಟ ಆಗ್ತದೆ. ಖಲಾಸ್.’

ಕಾಕ ಇದ್ದದ್ದೂ ಅಲ್ ವುಕೈರ್‌ನಲ್ಲೇ, ತಮ್ಮ ಸಂಬಂಧಿಕರೊಬ್ಬರ ಫ್ಲ್ಯಾಟಿನ ಒಂದು ಕೋಣೆಯಲ್ಲಿ. ದಿನವೂ ನನ್ನ ಕಾರಿನಲ್ಲೇ ಬರುವುದು, ಹೋಗುವುದು. ಆ ಸಂಜೆ ಮನೆಗೆ ಹೋಗುವ ವಕ್ರಾ ರಸ್ತೆಯಲ್ಲಿ ಕಾರುಗಳು ನಿಂತುಬಿಟ್ಟಿದ್ದವು. ಅಲ್ಲಿ ಹೇಳಿದೆ. ಫೋನ್ ಮಾಡಿದವನು ನಾನು ಎಂದೆ. ಬಾಸನ್ನು ಕೇಳಿದೆ, ಒಪ್ಪಲಿಲ್ಲ ಎಂದೆ. ನನ್ನನ್ನು ಹೋಗು ಅಂದಿದ್ದಾರೆ ಎಂದೆ. ಒಂದೊಂದು ವಾಕ್ಯಕ್ಕೂ ಕಾರು ಒಂದೊಂದು ಮೊಳ ಮುಂದೆ ಹೋಗುತ್ತಿತ್ತು.

ಕಾಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಮುಂದಿನ ಕಾರು ಹೋಗಿಯೂ ನಾನು ಬ್ರೇಕ್ ಬಿಟ್ಟಿರಲಿಲ್ಲ.

‘ಗಾಡಿ ಮುಂದೆ ತೆಗಿ,’ ಎಂದರು. ‘ಹಿಂದಿನವ ಹಾರ್ನ್ ಹೊಡಿತಾನೆ.’

ತೆಗೆದೆ. ವಕ್ರಾ ದಾಟಿದ ಮೇಲೆ ಅವರೇ, ‘ಕೆಮ್ಮು ಸರಿ ಇತ್ತು’ ಎಂದರು. ಆಮೇಲೆ, ‘ಮನೆಯಲ್ಲಿ ಹೇಳಿ ಆಗಿದೆ ಮಾರಾಯ. ಅವಳು ಅಕ್ಕಪಕ್ಕ ಎಲ್ಲ ಹೇಳಿ ಆಗಿದೆ. ಅದೊಂದು...’

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಕಲಿತು ಎಲ್ಲರಿಗೂ ಮಾಡಿ ತೋರಿಸಿ ಹಗುರಾಗುತ್ತಿದ್ದೆನೋ ಏನೋ.

ಶುಕ್ರವಾರ ಎಂದಿನಂತೆ ಕಡಲೆ ನೆನೆದಿತ್ತು. ಈ ಸಲ ಒಂಬತ್ತು ತಟ್ಟೆ. ನಾನು ಹತ್ತು ಕಾಳು ಎತ್ತುವಷ್ಟರಲ್ಲಿ ಗುಂಪಿನ ಎಲ್ಲರೂ ಮುಗಿಸಿ ನನ್ನ ತಟ್ಟೆಯ ಸುತ್ತ ಕೂತಿದ್ದರು. ‘ಇವ ನಿಮ್ಮ ಲೀಡರ್,’ ಎಂದರು ಕಾಕ, ‘ನೀವೇ ಇವನನ್ನು ನೋಡಿಕೊಳ್ಳಿ.’ ಎಲ್ಲರೂ ಹೋದ ಮೇಲೆ ಕಾಲುಚೀಲದ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿದರು.

‘ಎರಡು ಕೆಲಸ ಉಂಟು. ಒಂದು, ಊಟದ ಹೊತ್ತಿಗೆ ನಿನ್ನ ಬುದ್ಧಿ ಓಡಿಸ್ಬೇಡ. ನನ್ನ ಹಾಗೆ ಮಾತಾಡ್ತಿಯಲ್ಲ, ಹಾಗೆ ಮಾತಾಡು. ಆಗ ತಪ್ಪುದಿಲ್ಲ. ಇನ್ನೊಂದು, ದಿನಕ್ಕೊಂದು ಫೋಟೋ ಕಳಿಸು. ನಿನ್ನ ಮೋರೆ ಬರಬಾರದು.’

ಎರಡನೆಯದು ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ.

ಒಸಾಕಾದ ನೂಡಲ್ಸ್ ಅಂಗಡಿಯೊಂದರಲ್ಲಿ, ಮೂರನೆಯ ದಿನ, ನಾನು ಸೋತುಹೋಗಿದ್ದೆ. ಬೆಳಿಗ್ಗೆಯಿಂದ ಎರಡು ಸಲ ರೈಲು ತಪ್ಪಿಸಿದ್ದೆ. ಒಬ್ಬ ಹುಡುಗನ ಕೊಡೆಯನ್ನೂ ಇನ್ನೊಬ್ಬನ ತಾಳ್ಮೆಯನ್ನೂ ಕಳೆದಿದ್ದೆ. ಗುಂಪಿನಲ್ಲಿದ್ದ ಬೆಂಗಳೂರಿನ ಸಸ್ಯಾಹಾರಿ ಹುಡುಗಿ ತನ್ನ ಬಟ್ಟಲು ತೋರಿಸಿ, ‘ಇದು ತಿನ್ಬಹುದಾ?’ ಎಂದಳು. ಮೇಲೆ ಬರೀ ಸೊಪ್ಪು ತೇಲುತ್ತಿತ್ತು. ‘ಹ್ಞೂಂ’ ಎನ್ನಲು ಬಾಯಿ ತೆರೆದೆ. ಬಂದದ್ದು ಕಾಕನ ದನಿ. ‘ನಿಲ್ಲು ಮಗಾ. ಸೊಪ್ಪು ನೋಡಿ ನಂಬುದಾ? ಚೀಟಿ ತೋರಿಸಿದ್ಯಾ?’ ತೋರಿಸಿರಲಿಲ್ಲ. ತೋರಿಸಿದಾಗ ಅಂಗಡಿಯ ಮುದುಕ ಬಟ್ಟಲನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಎಳೆದುಕೊಂಡ. ತಲೆ ಬಗ್ಗಿಸಿ ಏನೇನೋ ಹೇಳಿದ. ಚೀಟಿಯನ್ನು ಇನ್ನೊಮ್ಮೆ ಓದಿ, ಅಕ್ಷರದ ಮೇಲೆ ಬೆರಳಿಟ್ಟು, ಇದನ್ನು ಬರೆದದ್ದು ನೀನಾ ಎಂದು ಸನ್ನೆಯಲ್ಲಿ ಕೇಳಿದ. ನಾನು ಅಲ್ಲ ಎಂದು ಕೈಯಾಡಿಸಿ, ಪಶ್ಚಿಮವೆಂದು ನನಗನ್ನಿಸಿದ ದಿಕ್ಕಿಗೆ ಬೆರಳು ತೋರಿಸಿದೆ. ಅಲ್ಲಿ ಶೌಚಾಲಯವಿತ್ತು.

ಫೋಟೋ ದಿನವೂ ಕಳಿಸಿದೆ. ಅನ್ನದ ಬಟ್ಟಲು, ಹುರಿದ ಅಕ್ಕಿಯ ಚಹಾ, ಸಣ್ಣ ಒಲೆಯ ಮೇಲೆ ಮೀನು. ಕ್ಯೋಟೋದಲ್ಲಿ ಹಳೆಯ ತಂಗುಮನೆಯೊಂದರ ಹುಲ್ಲಿನ ಚಾಪೆಯ ಮೇಲೆ ಕಾಲು ಚಾಚಿ ಕೂತಾಗ, ಹೊರಗಿನ ತೋಟ ಕಾಣುವ ಹಾಗೆ ನನ್ನ ಎರಡು ಪಾದಗಳದ್ದು ತೆಗೆದೆ. ಕಡುನೀಲಿ ಕಾಲುಚೀಲ, ಹೊಸದು, ತೂತಿಲ್ಲ. ಕಳಿಸಿದೆ. ಕಾಕ ಯಾವುದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಅದಕ್ಕೆ ಮಾತ್ರ ‘ಇದು ಚಂದ ಬಂದಿದೆ’ ಎಂದು ಬರೆದರು.

ಆ ಹತ್ತು ದಿನ ಅವರು ಹೆಂಡತಿಗೆ ವೀಡಿಯೋ ಕಾಲ್ ಮಾಡಲಿಲ್ಲವಂತೆ. ನಾನು ಕಳಿಸಿದ ಫೋಟೋಗಳನ್ನೇ ಮನೆಗೆ ದಾಟಿಸಿ, ನೆಟ್ ಸರಿ ಇಲ್ಲ ಎಂದು ಬರೀ ದನಿಯಲ್ಲಿ ಮಾತಾಡಿದರಂತೆ. ಜಪಾನಿನ ಗಂಟೆ ಎಷ್ಟೆಂದು ನೋಡಿಕೊಂಡು, ಇಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಕೂತು, ‘ಊಟ ಆಯ್ತು, ಮಲಗುದು ಇನ್ನು’ ಎನ್ನುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಆಫೀಸಿನವರು, ನಗುತ್ತ. ಆ ಹತ್ತು ದಿನ ಇನ್ನೊಬ್ಬರ ಸೋಗು ಹಾಕಿದವನು ನಾನೊಬ್ಬನೇ ಅಲ್ಲ.

ವರ್ಷದ ಕೊನೆಗೆ ಕಾಕ ಊರಿಗೆ ಹೋದರು. ಹೋದ ದಿನ ನಾನು ಇನ್ನೊಂದು ಗುಂಪಿನೊಡನೆ ಜಪಾನಿನಲ್ಲೇ ಇದ್ದೆ. ಕಳೆದ ರಂಜಾನ್ ಮುಗಿದು ಕೆಲವು ದಿನಗಳಿಗೆ ಕಾಕ ತೀರಿಕೊಂಡ ಸುದ್ದಿ ಬಂತು. ನಿದ್ದೆಯಲ್ಲೇ... ಎಂದಿತ್ತು ವಾಟ್ಸಾಪಿನಲ್ಲಿ.

ಒಂದು ವಾರ ಬಿಟ್ಟು ಅವರ ಮನೆಗೆ ಫೋನ್ ಮಾಡಿದೆ. ಹೆಂಡತಿಯೇ ತೆಗೆದುಕೊಂಡರು. ದೋಹಾದಿಂದ ಎಂದಷ್ಟೇ ಹೇಳಿದ್ದೆ, ನಾನು ಯಾರೆಂದು ಹೇಳುವ ಮೊದಲೇ, ‘ಜಪಾನಿಗೆ ಇವರ ಜೊತೆ ಬಂದ ಹುಡುಗ ಅಲ್ವಾ?’ ಎಂದರು. ಹೌದು ಎಂದೆ. ಆ ಫೋಟೋಗಳೆಲ್ಲ ಇವೆಯಂತೆ. ಕಾಲಿನದ್ದನ್ನು ಮಗಳು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾಳಂತೆ. ಬಂದವರೆಲ್ಲ ಕೇಳುತ್ತಾರಂತೆ.

‘ಅಲ್ಲ ಮಗಾ, ಫೋಟೋ ತೆಗೆದದ್ದು ನೀನೇ ಅಂತ ಇವರು ಹೇಳ್ತಿದ್ರು. ಊಟ ತೆಗ್ದೆ. ಕಾಲು ತೆಗ್ದೆ. ಇವರ ಮುಖ ಒಂದು ತೆಗೀಲಿಕ್ಕೆ ಎಂತ ಆಗಿತ್ತು ನಿಂಗೆ?’

ನನ್ನ ಬಾಯಲ್ಲಿ ಹತ್ತು ಹದಿನೈದು ಜನರ ದನಿ ಇದೆ. ಆ ಹೊತ್ತಿಗೆ ಒಂದೂ ಒದಗಲಿಲ್ಲ.

‘ಮರ್ತೋಯ್ತು ಅಮ್ಮಾ,’ ಎಂದೆ.

‘ಹೋಗ್ಲಿ ಬಿಡು. ಕಾಲು ಚಂದ ಬಂದಿದೆ,’ ಎಂದರು.

ಆಫೀಸು ಈಗ ವೆಸ್ಟ್ ಬೇ ಬಡಾವಣೆಗೆ ಬಂದಿದೆ. ಗಾಜಿನ ಮೀಟಿಂಗ್ ರೂಮಿನಲ್ಲಿ ಕಾರ್ಪೆಟ್ಟಿನ ಮೇಲೆ ಕೂರಿಸಿ ಕಡಲೆ ಎತ್ತಿಸುತ್ತೇನೆ. ಕಾಲು ನೋಡುತ್ತೇನೆ. ಕಾಕನ ದನಿಯಲ್ಲೇ ಎಲ್ಲ ಹೇಳುತ್ತೇನೆ. ಹೊಸ ಗುಂಪಿನವರು ಬಿದ್ದು ಬಿದ್ದು ನಗುತ್ತಾರೆ, ನಾನೇ ಕಟ್ಟಿದ ಪಾತ್ರ ಎಂದುಕೊಂಡು. ಮಾತು, ಎಳೆತ, ಮೂಗಿನ ಗಾಳಿ ಎಲ್ಲ ಬರುತ್ತದೆ. ‘ನಾನಾ ಸಾರ್?’ ಎಂಬುದು ಮಾತ್ರ ಬರುವುದಿಲ್ಲ. ಕಾರಿನಲ್ಲಿ ಒಬ್ಬನೇ ಇದ್ದಾಗ ಎಷ್ಟೋ ಸಲ ಹೇಳಿ ನೋಡಿದ್ದೇನೆ...

ಒಂಟಿ ಕಾಲುಚೀಲವನ್ನು ಮಡಚಿ ಸೂಟ್‌ಕೇಸಿನ ಅದೇ ಮೂಲೆಗೆ ಇಟ್ಟೆ. ಹಾಕಿಕೊಳ್ಳಲು ಬರುವುದಿಲ್ಲ. ತೂತಾದದ್ದನ್ನು ಹಾಕಿಕೊಂಡು ಹೋದರೆ ಆಫೀಸಿನ ಮಾನ ಹೋಗುತ್ತದೆ. ಆದರೂ ಈ ಸಲವೂ ಅದು ನನ್ನ ಜೊತೆ ಜಪಾನಿಗೆ ಬರುತ್ತದೆ. ಬಾಸನ್ನು ಕೇಳಿಲ್ಲ.