ರಜೆಯಲ್ಲಿ ಸೂಪರ್‌ವೈಸರ್ ಚಂದ್ರಮೌಳಿ

ಕತಾರಿನ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿರುವ ಮೈಸೂರಿನ ಚಂದ್ರಮೌಳಿ ರಜೆ ಹಾಕಿದರೂ ಡ್ಯೂಟಿ ಬಿಡುವವರಲ್ಲ ಎಂಬುದು ಅಲ್ಲಿನ ಮುಐದರ್ ಬಡಾವಣೆಯ ಮನೆಯಲ್ಲಿ ಹೆಂಡತಿ ಭಾನುಮತಿಗಷ್ಟೇ ಗೊತ್ತಿತ್ತು; ಪ್ರಾಗ್ ನೋಡಲು ಬಂದ ದಿನ ಅದು ಆ ಊರಿಗೇ ಗೊತ್ತಾಯಿತು. ಹೊರಡುವಾಗ "ಯಲ್ಲಾ", ನೋಡಿ ಮುಗಿದಾಗ "ಖಲಾಸ್", ಬೆಳಗಿನಿಂದ ಅವರದು ಎರಡೇ ಮಾತು. ಹಳೆಯ ಕಲ್ಲುಸೇತುವೆಯ ಮೇಲೆ ಭಾನುಮತಿ ನದಿ ನೋಡುತ್ತ ನಿಂತರೆ, "ಫೋಟೋ ತೆಗ್ದಿದೀನಿ, ಮನೇಲಿ ಕೂತು ನೋಡೋಣ" ಎಂದರು. ಚರ್ಚಿನ ಗೋಪುರ ಕಂಡಾಗ, ಸೇಫ್ಟಿ ಬೆಲ್ಟಿಲ್ಲದೆ ಅದನ್ನು ಕಟ್ಟಿದವರನ್ನು ಗದರುವವರಂತೆ ತಲೆಯಾಡಿಸಿದರು. ಕಟ್ಟಿತಂದ ಚಿತ್ರಾನ್ನ ತಿನ್ನಲು ಜಾಗ ಹುಡುಕಿದ್ದೂ, ಪ್ಲಾಂಟಿನಲ್ಲಿ ಗ್ಯಾಸ್ ಸೋರಿದಾಗ ನೋಡುವಂತೆ, ಗಾಳಿಯ ದಿಕ್ಕು ನೋಡಿಯೇ. ಮಧ್ಯಾಹ್ನ ಕೋಟೆಯ ಮೆಟ್ಟಿಲ ಬುಡದಲ್ಲಿ ಹೈಸ್ಕೂಲಿನ ಮಗಳು ಜಾಹ್ನವಿ ಧೊಪ್ಪೆಂದು ಕೂತಳು. "ನಂಗೆ ನಡಿಯಕ್ಕಾಗಲ್ಲ ಅಪ್ಪಾ, ಸೀರಿಯಸ್ಲಿ." ಈಗ ಬೈಗುಳ ಬರುತ್ತದೆಂದು ಭಾನುಮತಿ ಕಾದಳು. ಚಂದ್ರಮೌಳಿ ಚೀಲ ಕೆಳಗಿಟ್ಟು, ಮಗಳಿಗೆ ಬೆನ್ನೊಡ್ಡಿ ಕುಕ್ಕರಗಾಲಲ್ಲಿ ಕೂತು, "ಬಾ, ಉಪ್ಪಿನಮೂಟೆ" ಎಂದರು. "ಅಪ್ಪಾ! ಎಲ್ಲಾರೂ ನೋಡ್ತಿದಾರೆ!" ಎಂದು ಜಾಹ್ನವಿ ನಕ್ಕಳು. ಭಾನುಮತಿಗೆ ನಗು ಬರಲಿಲ್ಲ. ಮಗಳು ಉಪ್ಪಿನಮೂಟೆಯ ವಯಸ್ಸಿನಲ್ಲಿದ್ದಾಗ ತಾಯಿ ಮಗಳಿಬ್ಬರೂ ಮೈಸೂರಿನಲ್ಲಿದ್ದರು. ಇವರೊಬ್ಬರೇ ಕತಾರಿನಲ್ಲಿ, ಕಂಪನಿಯ ಕ್ಯಾಂಪಿನಲ್ಲಿದ್ದರು. "ಹತ್ಕೊಳ್ಳೇ, ಪರವಾಗಿಲ್ಲ" ಎಂದಳು ಭಾನುಮತಿ. ಮಗಳು ಹತ್ತಿದಳು. ಎದುರಿಗೆ ಬಂದ ಪ್ರವಾಸಿಗರಿಗೆಲ್ಲ "ಉಪ್ಪು ಬೇಕೇ, ಉಪ್ಪು?" ಎಂದು ಅಚ್ಚ ಕನ್ನಡದಲ್ಲಿ ಕೂಗುತ್ತ, ಏದುಸಿರು ಬಿಡುತ್ತ, ಚಂದ್ರಮೌಳಿ ಆ ದಿನ ಮೊದಲ ಬಾರಿಗೆ ನಿಧಾನವಾಗಿ ನಡೆದರು.